ಇದರ ಮುಂದ ಕೂಡಾವ್ರು ಯಾರ್ರೀ?

ಮಾಸ್ತರರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವಳು ಏಕಸಂಬಿಯ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸು. ಕೊತ್ತಂಬರಿ ಸೂಡು ಚೀಲಕ್ಕೆ ಹಾಕುತ್ತ, "ಚಿಕ್ಕೋಡಿ ಕಂಪ್ಯೂಟರ್ ಮಾಸ್ತರ ಹೋದ್ರಂತಲ್ರಿ ಅಕ್ಕಾರ. ನಮ್ಮ ಮಗಳ ಲ್ಯಾಪ್‌ಟಾಪ ಅವರ ಕಡೇನ ಐತಿ, ಈಗೇನ್ ಮಾಡೂದು?" ಎಂದಳು. ಅವಳಿಗೆ ಏನು ಹೇಳಿದೆನೋ ನೆನಪಿಲ್ಲ. ಮನೆಗೆ ಬಂದು ಚೀಲ ಸುರುವಿದರೆ ಮೆಂತ್ಯೆಯನ್ನು ಎರಡು ಕಡೆ ಕೊಂಡಿದ್ದೆ.

ಮಾಸ್ತರ ಎಂದರೆ ಸಾಲಿ ಮಾಸ್ತರರಲ್ಲ. ಅವರದು ದರ್ಜಿಗಳ ಮನೆತನ. ನಮ್ಮ ಕಡೆ ಟೇಲರನಿಗೂ ಮಾಸ್ತರ ಎಂದೇ ಅನ್ನುತ್ತಾರೆ. ಅಪ್ಪನ ಕೈಕೆಳಗೆ ಅವರೂ ಬಹಳ ವರ್ಷ ಅಂಗಿ, ಪಾಯಿಜಾಮ ಹೊಲಿದವರು. ರೆಡಿಮೇಡ್ ಬಟ್ಟೆ ಬಂದು ಹೊಲಿಗೆ ಕಡಿಮೆಯಾದ ಮೇಲೆ ನಿಪ್ಪಾಣಿಗೆ ದಿನಾ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ರಿಪೇರಿ ಕಲಿತು ಬಂದರು. ಅಂಗಡಿ ಅದೇ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜೂ ಅದೇ. ಕತ್ತರಿ ಗೀಚಿದ ಗೆರೆಗಳ ಮೇಲೆ ಈಗ ಲ್ಯಾಪ್‌ಟಾಪುಗಳು ಅಂಗಾತ ಮಲಗಿರುತ್ತಿದ್ದವು. ಬಿಳಿ ಗಡ್ಡ, ಸಣಕಲು ಮೈ, ಹಣೆಯ ಮೇಲೆ ಏರಿಸಿದ ಕನ್ನಡಕ. ಯಾರಾದರೂ ಏನಾದರೂ ಕೇಳಿದರೆ ಕನ್ನಡಕ ಇಳಿಸಿ, ಅಂಗಿಯ ಚುಂಗಿನಿಂದ ಒರೆಸಿ, ಮತ್ತೆ ಹಣೆಗೇ ಏರಿಸಿ ಆಮೇಲೆ ಉತ್ತರ ಕೊಡುವುದು.

ಅಳತೆ ಬರೆಯುವ ಪುಸ್ತಕವನ್ನೂ ಅವರು ಬಿಟ್ಟಿರಲಿಲ್ಲ. ಮೊದಲು ಎದೆ, ಸೊಂಟ, ತೋಳು ಎಂದು ಗೆರೆ ಎಳೆದ ಕಡೆ ಈಗ ಮಶಿನ್ನಿನ ವಯಸ್ಸು, ಮೆಮೊರಿ, ಅದಕ್ಕೆ ಜೋಡಿಸುವ ಪ್ರಿಂಟರು. ಇವೆಲ್ಲಕ್ಕಿಂತ ಮೊದಲನೆಯ ಸಾಲಿನಲ್ಲಿ ಬರೆಯುತ್ತಿದ್ದದ್ದು, ಕೂಡಾವ್ರು ಯಾರು, ಅಂದರೆ ಅದರ ಮುಂದೆ ಕೂತು ಕೆಲಸ ಮಾಡುವವರು ಯಾರು ಎಂದು. ಅದು ತಿಳಿಯದ ಹೊರತು ಅವರು ಯಾವ ಕಂಪ್ಯೂಟರಿಗೂ ಸಿಸ್ಟಮ್ ಹಾಕುತ್ತಿರಲಿಲ್ಲ.

ಈ ಸಿಸ್ಟಮ್ ಅನ್ನುವುದು ನನಗೂ ಮೊದಲು ಗೊತ್ತಿರಲಿಲ್ಲ. ಕಂಪ್ಯೂಟರ್ ಚಾಲೂ ಮಾಡಿದ ಕೂಡಲೇ ಎದ್ದು ಬಂದು ಉಳಿದೆಲ್ಲವನ್ನೂ ನಡೆಸುವುದು ಅದೇ. ಅದರಲ್ಲಿಯೂ ತರಹೇವಾರಿ ಇವೆ, ಎಡಿಷನ್ ಎನ್ನುತ್ತಾರೆ. ಒಂದೇ ಹೆಸರು, ಒಂದೇ ಬಣ್ಣ, ಆದರೆ ಹೋಮ್ ಅಂತ ಒಂದು, ಪ್ರೊ ಅಂತ ಒಂದು, ಹೀಗೆ. ಯಾರಿಗೆ ಯಾವುದು ಎನ್ನುವುದೇ ಮಾಸ್ತರರ ವಿದ್ಯೆ.

ನಾನು ಅಂಗಡಿಯಲ್ಲಿ ಕೂತಾಗ ಒಮ್ಮೆ ಕಾಗವಾಡದ ಕಡೆಯ ದ್ರಾಕ್ಷಿ ತೋಟದವರೊಬ್ಬರು ಹೊಸ ಕಂಪ್ಯೂಟರನ್ನು ಪೆಟ್ಟಿಗೆ ಸಮೇತ ತಂದು ಮೇಜಿನ ಮೇಲೆ ಇಟ್ಟರು.

"ಪ್ರೊ ಹಾಕ್ರಿ ಮಾಸ್ತರ."

"ಯಾಕ್ರಿ?"

"ನಮ್ಮ ಸಡ್ಡಕ ಪ್ರೊ ಹಾಕಿಸ್ಯಾನ."

"ನಿಮ್ಮ ಹೆಂಡ್ತಿ ತಂಗೀ ಗಂಡ ಏನ್ ಕೆಲಸಾ ಮಾಡ್ತಾನ?"

"ಸಾಂಗ್ಲ್ಯಾಗ ದೊಡ್ಡ ಆಫೀಸ್ ಐತ್ರಿ."

"ಹತ್ತಿಪ್ಪತ್ತು ಕಂಪ್ಯೂಟರ್ ಸಾಲಾಗಿಟ್ಟು ಎಲ್ಲಾದರ ಕೀಲಿ ಒಬ್ಬನ ಕೈಯಾಗ ಇರಬೇಕು ಅನ್ನಾವಂಗ ಪ್ರೊ ಬೇಕಾಗತೈತಿ. ನಿಮ್ಮದರ ಮುಂದ ಕೂಡಾವ್ರು ಯಾರ್ರೀ?"

"ನಾನ. ಒಣದ್ರಾಕ್ಷಿ ರೇಟ್ ನೋಡಾಕ. ಹುಡುಗರು ಸಿನಿಮಾ ನೋಡ್ತಾವ."

"ಹಂಗಾರ ಹೋಮ್ ಸಾಕು. ಸಡ್ಡಕನ ಅಂಗಿ ನೀವು ತೊಟ್ರ ತೋಳಿನ್ಯಾಗ ಬೆರಳ ಕಾಣಂಗಿಲ್ಲ."

ಅವರಿಗೆ ಸಿಟ್ಟು ಬಂತು. ಪೆಟ್ಟಿಗೆ ಎತ್ತಿಕೊಂಡು ಬೇರೆ ಅಂಗಡಿಗೆ ಹೋದರು. ಮಾಸ್ತರರು ಬೇಜಾರೇನೂ ಮಾಡಿಕೊಳ್ಳಲಿಲ್ಲ. "ಹೋಗ್ಲಿ ಬಿಡ್ರಿ. ಅವನ ಸಡ್ಡಕಗ ಹೊಟ್ಟಿ ಉರೀಬೇಕು ಅಂತ ಬಂದಿದ್ದ, ಆ ಎಡಿಷನ್ ನನ್ನ ಹಂತ್ಯಾಕ ಇಲ್ಲ" ಎಂದರು.

ದಿಗ್ಗೇವಾಡಿಯ ಒಬ್ಬ ಮುದುಕರು ಹಳೆಯ ಕಂಪ್ಯೂಟರ್ ತಂದು ಇದಕ್ಕೆ ಎಲ್ಲಕ್ಕಿಂತ ಹೊಸದನ್ನೇ ಹಾಕಬೇಕೆಂದು ಹಟ ಹಿಡಿದಾಗ, "ಅಜ್ಜಾರ, ನಿಮಗ ಈಗ ಗುಡ್ಡಾ ಹತ್ತು ಅಂದ್ರ ಹತ್ತೀರೇನು? ಇದೂ ನಿಮ್ಮ ವಾರಿಗೀದು" ಎಂದು ನಗಿಸಿ, ಹಗುರಾದದ್ದೊಂದನ್ನು ಹಾಕಿ ಕಳಿಸಿದರಂತೆ. ಲೈಸೆನ್ಸ್ ಇಲ್ಲದ ಕಳ್ಳ ಸಿಸ್ಟಮ್ ಮಾತ್ರ ಯಾರು ಎಷ್ಟು ಅಂಗಲಾಚಿದರೂ ಹಾಕುತ್ತಿರಲಿಲ್ಲ. ಕದ್ದ ಅರಿವೆ ಹೊಲಿದುಕೊಡಬಾರದು ಎಂದು ಅವರ ಅಪ್ಪ ಹೇಳಿದ್ದರಂತೆ. ಸಿಸ್ಟಮ್ ಏರಿಸಲು ಹಚ್ಚಿ, ಹೊತ್ತಾದರೆ ಎದ್ದು ನಮಾಜಿಗೆ ಹೋಗುವರು. "ಅದು ತನ್ನ ಕೆಲಸಾ ಮಾಡ್ತಿರಲಿ, ನಾ ನನ್ನ ಕೆಲಸಾ ಮಾಡ್ಕೊಂಡ ಬರ್ತೀನಿ." ನನಗೆ ಆ ಮಾತು ಬಹಳ ಸೇರಿತ್ತು. ಅವರು ಬರುವತನಕ ನಾನೂ ಬೆರಳ ಗೆಣ್ಣಿನ ಮೇಲೆ ನಮ್ಮ ಜೈನರ ಣಮೋಕಾರ ಮಂತ್ರ ಎಣಿಸುತ್ತ ಕೂಡುತ್ತಿದ್ದೆ.

ಆ ಅಂಗಡಿಗೆ ನಾನು ಯಾಕೆ ಹೋದೆ ಎನ್ನುವುದನ್ನು ಹೇಳಬೇಕು.

ನಮ್ಮ ಮನೆಯವರು ಸಕ್ಕರೆ ಕಾರ್ಖಾನೆಯೊಂದರಲ್ಲಿ ಹೆಡ್ ಕ್ಲಾರ್ಕ್ ಇದ್ದರು. ಬರೆಯುವುದು ಇಂಗ್ಲಿಷ್, ಆಫೀಸಿನ ಮಾತು ಮರಾಠಿ, ಮನೆಯಲ್ಲಿ ತಾಯಿಯ ಜೊತೆ ಕನ್ನಡ. ಓಣಿಯವರೆಲ್ಲ ಅರ್ಜಿ ಹಿಡಿದುಕೊಂಡು ಬರುವರು. ಇವರು ಕೆಂಪು ಪೆನ್ನಿನಿಂದ ತಿದ್ದಿ, "ಇಂಗ್ಲಿಷ್ ಬರಿಯಾಕ ಬರ್ಲಿಲ್ಲಂದ್ರ ನಾಚಿಕಿ ಇಲ್ಲೋ, ತಪ್ಪು ಬರಿಯಾಕ ನಾಚಿಕಿ ಇರಬೇಕು" ಎಂದು ಬೈದು ಕಳಿಸುವರು. ನಿವೃತ್ತಿಗೆ ಎರಡು ವರ್ಷ ಇರುವಾಗ ಒಂದು ಬೆಳಗ್ಗೆ ಹಲ್ಲು ತಿಕ್ಕುತ್ತಿದ್ದವರು ಅಲ್ಲೇ ಕುಸಿದರು. ಲಕ್ವ. ಮಿರಜಿಗೆ ಒಯ್ದೆವು. ಜೀವ ಉಳಿಯಿತು, ಕಾಲು ಬಂತು, ಬಲಗೈ ಅರ್ಧ ಬಂತು. ಮಾತು ಹೋಯಿತು.

ತಿಂಗಳೆರಡಾದ ಮೇಲೆ ಒಂದೊಂದೇ ಶಬ್ದ ಬರತೊಡಗಿತು. ಬಂದದ್ದೆಲ್ಲ ಕನ್ನಡ. ನೀರು, ಅವ್ವ, ಸಾಕು. ಇಂಗ್ಲಿಷ್ ಪತ್ರ ಮುಂದೆ ಹಿಡಿದರೆ ತಿರುಗಿಸಿ ತಿರುಗಿಸಿ ನೋಡುವರು. ಮರಾಠಿ ಮಾತಾಡಿದರೆ ಮುಖ ನೋಡುತ್ತ ಕೂಡುವರು. ಡಾಕ್ಟರರು, ಎಷ್ಟೋ ಮಂದಿಗೆ ಹೀಗಾಗುತ್ತದೆ, ಒಂದು ಭಾಷೆ ಮೊದಲು ಮರಳಿ ಬರುತ್ತದೆ, ಆ ಒಂದನ್ನು ಬಿಡದೆ ಹಿಡಿಯಿರಿ ಎಂದರು. ದಿನಾಲು ಕನ್ನಡ ಓದಬೇಕು, ಎಡಗೈಯಿಂದ ಟೈಪ್ ಮಾಡಬೇಕು, ಟೈಪ್ ಮಾಡಿದ್ದನ್ನು ಬಾಯಿ ಬಿಟ್ಟು ಹೇಳಬೇಕು. ಮೊದಲನೆಯ ವರ್ಷದಲ್ಲಿ ಎಷ್ಟು ಬರುತ್ತದೋ ಅದೇ ಮುಖ್ಯ, ಸುಮ್ಮನೆ ಕೂಡಿಸಬೇಡಿರಿ ಎಂದು ಎರಡು ಸಲ ಹೇಳಿದರು. ತಾಯಿ ಕಲಿಸಿದ್ದಾದರೂ ಉಳಿಯಿತಲ್ಲ ಎಂದು ನಾನು ಬಸದಿಯಲ್ಲಿ ಅಕ್ಕಿಯ ಪುಂಜ ಇಟ್ಟು ಬಂದೆ.

ಆದರೆ ಇಂಗ್ಲಿಷ್ ಹೋಗಿದೆ ಎನ್ನುವ ಮಾತನ್ನು ಹೊರಗೆ ಯಾರಿಗೂ ಹೇಳಲಿಲ್ಲ. ಓಣಿಯವರು ಕೇಳಿದರೆ, ಸ್ವಲ್ಪ ಸುಸ್ತು ಇದೆ ಎನ್ನುವೆ. ಕೆಂಪು ಪೆನ್ನಿನಿಂದ ತಿದ್ದಿಸಿಕೊಂಡವರು ನಗಬಾರದು ಎಂದು ನನ್ನ ಹಟ.

ಶೇಡಬಾಳದಿಂದ ನನ್ನ ತಮ್ಮ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟ. ಕನ್ನಡ ಅಕ್ಷರ ಮೂಡುವ ವ್ಯವಸ್ಥೆ ಅದರಲ್ಲಿತ್ತು. ಉಳಿದದ್ದೆಲ್ಲ ಇಂಗ್ಲಿಷ್. ಇವರು ಒಂದು ಸಾಲು ಟೈಪ್ ಮಾಡುವಷ್ಟರಲ್ಲಿ ನಡುವೆ ಒಂದು ಚೌಕ ಎದ್ದು ಏನೋ ಕೇಳುವುದು. ಕೆಳಗೆ ಎರಡು ಗುಂಡಿ. ಹೌದೋ ಅಲ್ಲವೋ, ಯಾವುದು ಯಾವುದೋ ಇವರಿಗೆ ತಿಳಿಯದು. ನಾನು ಅಡುಗೆಮನೆಯಿಂದ ಕೈ ಒರೆಸಿಕೊಂಡು ಓಡಿ ಬರುವತನಕ ಬೆವರುತ್ತ ಕೂಡುವರು. ಹದಿನೈದು ದಿನ ಕೂತು ನಮ್ಮ ಬಳಗದವರೆಲ್ಲರ ಹೆಸರು ಒಂದೊಂದಾಗಿ ನೆನಪು ಮಾಡಿಕೊಂಡು ಟೈಪ್ ಮಾಡಿದ್ದರು. ನಾನು ಹಾಲು ಕಾಯಿಸಲು ಹೋದಾಗ ಆ ಚೌಕ ಬಂತು, ಇವರು ಯಾವುದೋ ಗುಂಡಿ ಒತ್ತಿದರು, ಅಷ್ಟೂ ಹೆಸರು ಹೋದವು.

ಅವತ್ತು ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ದಿನಪತ್ರಿಕೆ ಹೊದಿಸಿದರು. ಮತ್ತೆ ಅದರ ಮುಂದೆ ಕೂಡಲಿಲ್ಲ. ಟೈಪ್ ನಿಂತಿತು, ಓದು ನಿಂತಿತು, ಬರುತ್ತಿದ್ದ ಮಾತೂ ಹಿಂದೆ ಸರಿಯತೊಡಗಿತು. ನೀರು ಬೇಕಾದರೆ ಲೋಟ ತೋರಿಸುವರು. ಡಾಕ್ಟರರು ಹೇಳಿದ ವರ್ಷದಲ್ಲಿ ಆಗಲೇ ಎಂಟು ತಿಂಗಳು ಮುಗಿದಿದ್ದವು.

ತಮ್ಮ ಯಾರನ್ನೋ ಕೇಳಿಕೊಂಡು, "ಪ್ರೊ ಹಾಕಿಸಕ್ಕಾ, ಅದರಾಗ ಎಲ್ಲಾ ಬರತೈತಂತ" ಎಂದ. ನಾನು ಲ್ಯಾಪ್‌ಟಾಪ್ ಸೆರಗಿನಲ್ಲಿ ಸುತ್ತಿಕೊಂಡು ಚಿಕ್ಕೋಡಿ ಬಸ್ಸು ಹತ್ತಿದೆ.

ಮಾಸ್ತರರು ಅದನ್ನು ತೆರೆಯಲೇ ಇಲ್ಲ. "ಇದರ ಮುಂದ ಕೂಡಾವ್ರು ಯಾರ್ರೀ?"

"ನಮ್ಮ ಮನ್ಯಾಗಿನವ್ರು."

"ಎಲ್ಲದಾರ?"

"ಮನ್ಯಾಗ."

"ಕರ್ಕೊಂಡ ಬರ್ರಿ."

"ಅವರಿಗೆ ಆರಾಮಿಲ್ರಿ. ಲ್ಯಾಪ್‌ಟಾಪ ತಂದೀನಲ್ಲ!"

"ಅರಿವಿ ಅಷ್ಟ ತಂದ್ರ ಅಳತಿ ಯಾರದ ತಗೀಲಿ, ಅಕ್ಕಾರ?"

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವರನ್ನು ಮನಸ್ಸಿನಲ್ಲೇ ಬಹಳ ಬೈದೆ. ನಾಲ್ಕು ದಿನ ಇವರನ್ನು ರಮಿಸಿ, ತಮ್ಮನ ಗಾಡಿಯಲ್ಲಿ ಕೂಡಿಸಿಕೊಂಡು ಹೋದೆ.

ಆಫೀಸರ ಗತ್ತಿನ ಮುಖ, ಇಸ್ತ್ರಿ ಅಂಗಿ ನೋಡಿ ಮಾಸ್ತರರು ಎದ್ದು ನಿಂತರು. "ಯಾ ಸಾಹೇಬ, ಬಸಾ" ಎಂದು ಕುರ್ಚಿ ಕೊಟ್ಟರು. ನಮ್ಮ ಕಡೆ ಹಾಗೆಯೇ. ಆಫೀಸಿನ ದೊಡ್ಡವರು ಎಂದು ಕಂಡರೆ ಮಾತು ತಾನಾಗಿ ಮರಾಠಿಗೆ ತಿರುಗುತ್ತದೆ, ಅದೊಂದು ಮರ್ಯಾದೆ. ಮಾಸ್ತರರು ಮರಾಠಿಯಲ್ಲಿಯೇ ಒಂದೊಂದಾಗಿ ಕೇಳಿದರು. ಇಂಗ್ಲಿಷ್ ಓದಲು ಅಡಚಣೆ ಇಲ್ಲವಲ್ಲ? ಮೊದಲಿಂದ ರೂಢಿ ಇದೆಯಲ್ಲ? ಇವರು ಪ್ರತಿ ಪ್ರಶ್ನೆಗೂ ನಗುತ್ತ ತಲೆ ಆಡಿಸಿದರು. ಮೂವತ್ತು ವರ್ಷ ಸಾಹೇಬರ ಮುಂದೆ ತಲೆ ಆಡಿಸಿದ ಅಭ್ಯಾಸ, ಅದೊಂದು ಹೋಗಿರಲಿಲ್ಲ. ಒಂದು ಅಕ್ಷರವೂ ತಿಳಿದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ನಾನು ಪಕ್ಕದಲ್ಲೇ ಕೂತಿದ್ದೆ, ಬಾಯಿ ತೆರೆಯಲಿಲ್ಲ. ಅಂಗಡಿಗೆ ಬಂದು ಕೂತ ಇಷ್ಟು ಮಂದಿಯ ಮುಂದೆ ನನ್ನ ಗಂಡನಿಗೆ ಓದಲು ಬರುವುದಿಲ್ಲ ಎಂದು ಹೇಗೆ ಹೇಳಲಿ?

ಮಾಸ್ತರರು ಪುಸ್ತಕದಲ್ಲಿ ಬರೆದುಕೊಂಡರು. ಮಶಿನ್ ಛಲೋ ಇದೆ, ಇದ್ದ ಸಿಸ್ಟಮ್ಮೇ ಸಾಕು, ಬದಲು ಮಾಡುವುದು ಏನೂ ಬೇಡ, ಕಸ ತೆಗೆದು ಹಗುರ ಮಾಡಿ ಕೊಡುತ್ತೇನೆ ಎಂದು ಕೆಲಸಕ್ಕೆ ಕೂತರು. ಇದೇ ಲ್ಯಾಪ್‌ಟಾಪ್, ಇದೇ ಚೌಕ, ಮತ್ತೆ ಅದೇ ಮನೆ.

ಅಷ್ಟರಲ್ಲಿ ಮಾಸ್ತರರ ಪರಿಚಯದ ಒಬ್ಬ ರೈತ ಕಂಪ್ಯೂಟರಿನ ಡಬ್ಬಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ಮಾಸ್ತರರು ಮುಚ್ಚಳ ತೆಗೆದರೆ ಒಳಗೆಲ್ಲ ಕೆಂಪಿರುವೆ.

"ಏನಲೇ, ಇದರಾಗ ಚಾ ಚೆಲ್ಲೀಯೇನು?"

"ಚಾ ಅಲ್ರಿ ಮಾಸ್ತರ, ಕಬ್ಬಿನ ಹಾಲು."

"ಹಂಗಾರ ಇದಕ್ಕ ಸಿಸ್ಟಮ್ ಯಾಕ ಬೇಕಲೇ? ಎರಡ ಎತ್ತ ಕಟ್ಟು, ಬೆಲ್ಲ ಬರತೈತಿ!"

ನಮ್ಮ ಮನೆಯವರು ನಕ್ಕರು. ತಲೆ ಆಡಿಸುವ ನಗು ಅಲ್ಲ, ಹೊಟ್ಟೆಯಿಂದ ಬಂದ ನಗು. ಎಂಟು ತಿಂಗಳಲ್ಲಿ ಆ ಸಪ್ಪಳವನ್ನು ನಾನು ಕೇಳಿರಲಿಲ್ಲ.

ಮಾಸ್ತರರ ಕೈ ನಿಂತಿತು. ಕನ್ನಡಕ ಒರೆಸಿಕೊಂಡು ಇವರನ್ನೇ ನೋಡಿದರು. ಆಮೇಲೆ ಸಣ್ಣ ಸ್ಟೂಲು ಎಳೆದುಕೊಂಡು ಇವರ ಮೊಣಕಾಲಿನ ಹತ್ತಿರ ಕೂತರು.

"ಸಾಹೇಬ್ರ, ಆಗಿಂದ ನಾ ಮರಾಠ್ಯಾಗ ಕೇಳಿದ್ದು ನಿಮಗ ತಿಳೀತೇನ್ರಿ?"

ಇವರು ನನ್ನ ಕಡೆ ನೋಡಿದರು.

"ಅಕ್ಕಾರ್ನ ನೋಡಬ್ಯಾಡ್ರಿ. ನಾ ನಿಮ್ಮನ್ನ ಕೇಳಾಕತ್ತೀನಿ."

ನಾನು ಹೇಳಲು ಹೋದೆ. ಮಾಸ್ತರರು ನನ್ನ ಕಡೆ ತಿರುಗದೆಯೇ ಕೈ ಎತ್ತಿ ತಡೆದರು. ರೈತ ಡಬ್ಬಿ ಹಿಡಿದುಕೊಂಡೇ ನಿಂತಿದ್ದ. ಹೊರಗೆ ಒಂದು ಕಬ್ಬಿನ ಟ್ರ್ಯಾಕ್ಟರು ಎರಡೂ ಟ್ರೇಲರ್ ಎಳೆದುಕೊಂಡು ಪೂರ್ತಿ ಹಾದು ಹೋಯಿತು. ಅಷ್ಟು ಹೊತ್ತಾದ ಮೇಲೆ ಇವರು, "ಇಲ್ಲ" ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ ಪರದೆಯ ಮೇಲಿನ ಇಂಗ್ಲಿಷ್ ತೋರಿಸಿ, "ಇದೂ... ಹೋಯ್ತು. ಕನ್ನಡ... ಐತಿ" ಎಂದರು.

ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಇದನ್ನೇ ಮೊದಲು ಯಾಕೆ ಹೇಳಲಿಲ್ಲ ಎಂದು ಮಾಸ್ತರರು ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. "ತಪ್ಪು ನಂದು. ತೊಟ್ಟ ಅಂಗಿ ನೋಡಿ ಅಳತಿ ಬರದ್ನಿ" ಎಂದು ಪುಸ್ತಕದಲ್ಲಿ ಬರೆದದ್ದಕ್ಕೆ ಉದ್ದಕ್ಕೆ ಗೆರೆ ಹೊಡೆದು, ಕೆಳಗೆ ಹೊಸದಾಗಿ ಬರೆದರು.

ಆಮೇಲೆ ನನಗೂ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಈ ಲ್ಯಾಪ್‌ಟಾಪಿನ ಜೊತೆ ಬಂದದ್ದು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಎನ್ನುವ ಎಡಿಷನ್ನು. ಟೈಪ್ ಮಾಡುವುದು ಯಾವ ಭಾಷೆಯಲ್ಲಾದರೂ ಸರಿ, ಆದರೆ ಅದು ತಾನು ನಮ್ಮ ಜೊತೆ ಮಾತಾಡುವುದು ಒಂದೇ ಭಾಷೆಯಲ್ಲಿ, ಇದರಲ್ಲಿ ಅದು ಇಂಗ್ಲಿಷ್. ಇನ್ನೊಂದನ್ನು ಕೂಡಿಸಲು ಹೋದರೆ ಒಪ್ಪುವುದಿಲ್ಲ. "ಹೆಸರ ಉದ್ದ ಐತಿ ಅಂತ ಮಾಲು ಹೆಚ್ಚಿಂದು ಅನ್ಕೋಬ್ಯಾಡ್ರಿ. ಇದರಾಗ ಹೆಸರ ಬೆಳದಷ್ಟ ಗುಣ ಕಡಿಮಿ. ಬರೇ ಹೋಮ್ ಅಂತ ಐತಲ್ಲ, ಅದಕ್ಕ ಕನ್ನಡ ಹಾಕಾಕ ಬರತೈತಿ."

"ಪ್ರೊ ಬ್ಯಾಡೇನ್ರಿ?" ಎಂದೆ, ತಮ್ಮನ ಮಾತು ನೆನಪಾಗಿ.

"ಸಾಹೇಬ್ರ ಕೈಕೆಳಗ ಈಗ ಮನ್ಯಾಗ ಎಷ್ಟ ಮಂದಿ ಅದೀರಿ? ನೀವೊಬ್ಬಾಕಿ. ಹೋಮ್ ಸಾಕು."

ಇವರು ಮತ್ತೊಮ್ಮೆ ನಕ್ಕರು.

ಸರಿಯಾದ ಲೈಸೆನ್ಸ್ ತರಿಸಿ ಹಾಕಲು ಒಂದು ವಾರ ಹಿಡಿಯಿತು. ಇವರನ್ನು ಕರೆದುಕೊಂಡು ಎರಡನೆಯ ಸಲ ಹೋದಾಗ ಪರದೆ ಕನ್ನಡದಲ್ಲಿ ಎದ್ದಿತು. ಉಳಿಸು, ಮುಚ್ಚು, ರದ್ದುಮಾಡು. ಪೂರ್ತಿ ಕನ್ನಡ ಆಗುವುದಿಲ್ಲ, ಮುದುಕರ ಬಾಯೊಳಗಿನ ಹಲ್ಲಿನ ಹಾಗೆ ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಉಳಿಯುತ್ತದೆ ಎಂದು ಮಾಸ್ತರರು ಮೊದಲೇ ಹೇಳಿದ್ದರು. ಅಂಥವನ್ನೆಲ್ಲ ಹುಡುಕಿ ಹುಡುಕಿ, ಪಕ್ಕದಲ್ಲಿ ಕನ್ನಡ ಬರೆದು ಒಂದು ರಟ್ಟಿಗೆ ಅಂಟಿಸಿದ್ದರು. ಅವರು ಕಲಿತದ್ದು ಉರ್ದು ಸಾಲಿ. ಕನ್ನಡ ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. "ಕಾಗಿ ಕಾಲು ಗುಬ್ಬಿ ಕಾಲು ಆಗೈತಿ, ಸಾಹೇಬ್ರು ಕೆಂಪ ಪೆನ್ನಿಲೆ ತಿದ್ದಬೇಕು" ಎಂದರು. ಕೆಂಪು ಪೆನ್ನಿನ ಸುದ್ದಿ ಅವರಿಗೆ ಯಾರು ಹೇಳಿದ್ದರೋ. ಚಿಕ್ಕೋಡಿ ಏನು ಅಷ್ಟು ದೊಡ್ಡ ಊರೇ, ಸುದ್ದಿ ಹಬ್ಬದೆ ಇರಲು!

ಕಲಿಸಲು ಕೂತಾಗ ನನ್ನನ್ನು ಎಬ್ಬಿಸಿದರು. "ನೀವು ಹೊರಗ ಬಾಕಿನ ಮ್ಯಾಲ ಕೂಡ್ರಿ ಅಕ್ಕಾರ. ಅವರ ಬಾಯಿ ತೆರಿಯೂದ್ರಾಗ ನಿಮ್ಮ ಬಾಯಿ ಓಡಿ ಬರತೈತಿ." ನನಗೆ ಅವಮಾನವಾಯಿತು. ಆದರೆ ಮಾತು ಖರೆ ಇತ್ತು. ಎಂಟು ತಿಂಗಳು ಇವರ ಬದಲು ಹಸಿವೆ, ನಿದ್ದೆ, ಬೇಡ, ಸಾಕು ಎಲ್ಲ ನಾನೇ ಹೇಳಿದ್ದೆ. ಹೊರಗಿನ ಬೆಂಚಿನ ಮೇಲೆ ಕೂತು ಕೇಳಿದೆ. ಒಳಗಿನಿಂದ "ರದ್...ದು" ಎಂದು ಬಂತು. ಮಾಸ್ತರರದು ಒಂದು ಉಸಿರೂ ಇಲ್ಲ. ಮತ್ತೆ "ಮಾಡು".

ಅವತ್ತಿನಿಂದ ಇವರು ದಿನಾ ಅದರ ಮುಂದೆ ಕೂತರು, ಏನಾದರೂ ಅಡಚಣೆ ಬಂದಾಗಲೆಲ್ಲ ಅಂಗಡಿಗೂ ಹೋಗಿ ಬರುತ್ತಿದ್ದೆವು. ಪೂರ್ತಿ ಗುಣ ಆಯಿತು ಎಂದು ಹೇಳಲಾರೆ. ಶಬ್ದ ಇನ್ನೂ ನಿಂತು ನಿಂತು ಬರುತ್ತವೆ. ಮರಾಠಿ ಬಂದದ್ದು ಸ್ವಲ್ಪ, ಇಂಗ್ಲಿಷ್ ಬರಲೇ ಇಲ್ಲ. ನೀರು ಬೇಕಾದರೆ ನೀರು ಎನ್ನುತ್ತಾರೆ, ಉಪ್ಪು ಹೆಚ್ಚಾದರೆ ಬೈಯುತ್ತಾರೆ. ಸಂಜೆ ದೀಪ ಹಚ್ಚಿ ಆ ದಿನದ ಒಳ್ಳೆಯದನ್ನು ನೆನೆಯುವಾಗ ನಾನು ಬೈಗುಳವನ್ನೂ ಸೇರಿಸುತ್ತೇನೆ.

ಮಾಸ್ತರರು ಶುಕ್ರವಾರ ನಮಾಜು ಮುಗಿಸಿ ಫೋನ್ ಮಾಡುವರು. ನಾನು ಎತ್ತಿದರೆ "ಸಾಹೇಬ್ರ ಕೈಯಾಗ ಕೊಡ್ರಿ" ಅಷ್ಟೇ. ಇವರು ಒಂದು ಶಬ್ದಕ್ಕಾಗಿ ತಡಕಾಡುತ್ತ ನಿಂತರೆ, ಆ ಕಡೆಯಿಂದ ಹಲೋ ಹಲೋ ಎಂದು ಕೂಗುತ್ತಿರಲಿಲ್ಲ. ಅಂಗಡಿಯ ಫ್ಯಾನಿನ ಸಪ್ಪಳ ಕೇಳುತ್ತಿರುತ್ತಿತ್ತು. ಉಳಿದವರೆಲ್ಲ, ನನ್ನ ತಮ್ಮನೂ, ಎರಡು ಕ್ಷಣ ತಡೆದು "ಅಕ್ಕನ ಕೈಯಾಗ ಕೊಡ್ರಿ ಮಾಮಾ" ಎಂದುಬಿಡುತ್ತಿದ್ದರು.

ಸಂತೆಯಿಂದ ಬಂದು ಸುದ್ದಿ ಹೇಳಿದಾಗ ಇವರು ಕುರ್ಚಿಯಿಂದ ಎದ್ದರು. ಕೋಣೆಗೆ ಹೋಗಿ ಲ್ಯಾಪ್‌ಟಾಪ್ ತೆರೆದರು. ನಾನು ಎರಡು ಸಲ ಊಟಕ್ಕೆ ಕರೆದು ಸುಮ್ಮನಾದೆ. ಮರುದಿನ ತಾವೇ ನಡೆದು ಹೋಗಿ ಝೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿದ್ದನ್ನು ಒಂದು ಹಾಳೆಯ ಮೇಲೆ ಪ್ರಿಂಟ್ ತೆಗೆಸಿಕೊಂಡು ಬಂದರು. ನನಗೆ ತೋರಿಸಲಿಲ್ಲ. ಚಿಕ್ಕೋಡಿಗೆ ಹೋದೆವು.

ಮಾಸ್ತರರ ಮನೆಯಲ್ಲಿ ಹೊರಗಿನ ಕೋಣೆಯಲ್ಲಿ ಗಂಡಸರು ಕೂತಿದ್ದರು. ಇವರನ್ನು ಅಲ್ಲಿ ಕೂಡಿಸಿ ನನ್ನನ್ನು ಒಳಗೆ ಕರೆದರು. ಗಂಡ ಹೋದ ದುಃಖದ ದಿನಗಳಲ್ಲಿ ಮಾಸ್ತರರ ಹೆಂಡತಿ ಪರಗಂಡಸರ ಮುಂದೆ ಬರುವುದಿಲ್ಲ. ನಡುವಿನ ಬಾಗಿಲಿಗೆ ಪರದೆ ಇತ್ತು. ನಾನು ಆಕೆಯ ಹತ್ತಿರ ಚಾಪೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಮಾಸ್ತರರ ತಮ್ಮ ಪರದೆಯ ಕೆಳಗಿನಿಂದ ಹಾಳೆಯನ್ನು ಒಳಗೆ ಕೊಟ್ಟರು. ಆಕೆ ಅದನ್ನು ಕಣ್ಣಿಗೆ ಒತ್ತಿಕೊಂಡು, ನೋಡಿ, ತಿರುಗಿ ಹೊರಗೆ ಕೊಟ್ಟರು.

"ನನಗ ಕನ್ನಡ ಓದಾಕ ಬರೂದಿಲ್ರಿ, ಭಾಯ್‌ಸಾಬ್. ನೀವ ಓದ್ರಿ. ನಾ ಕೇಳ್ತೀನಿ."

ಇಷ್ಟು ಮಂದಿಯ ನಡುವೆ, ನಾನಿಲ್ಲದೆ ಇವರು ಓದಬೇಕು. ಪರದೆಯ ಆಚೆ ಹಾಳೆಯ ಸಪ್ಪಳ ಕೇಳಿಸಿತು.

"ಮಾನ್ಯರೇ" ಎಂದು ಶುರುವಾಯಿತು. "ಮಾಸ್ತರರು ಹೋದ ಸುದ್ದಿ... ತಿಳಿಯಿತು. ನನಗೆ ಮಾತು ಹೋಗಿತ್ತು. ಎಲ್ಲರೂ... ನನಗೆ ಏನು ಬೇಕೆಂದು... ನನ್ನ ಹೆಂಡತಿಯನ್ನು ಕೇಳುತ್ತಿದ್ದರು. ಮಾಸ್ತರರು ನನ್ನನ್ನು ಕೇಳಿದರು."

ಅಲ್ಲಿ ನಿಂತರು. ಮುಂದಿನ ಶಬ್ದದ ಮೊದಲ ಅಕ್ಷರ ಬಂತು, ಹೋಯಿತು, ಮತ್ತೆ ಬಂತು. ಅದು ಯಾವ ಶಬ್ದ ಎಂದು ನನಗೆ ತಿಳಿಯಿತು, ನನ್ನ ತುಟಿ ತೆರೆದೇ ಬಿಟ್ಟಿತ್ತು. ಆಕೆ ನನ್ನ ಮುಂಗೈ ಹಿಡಿದರು. ಹೊರಗೆ ಗಂಡಸರು ಒಬ್ಬರೂ ಕೆಮ್ಮಲಿಲ್ಲ.

"ಉತ್ತರ" ಎಂದರು. "ಉತ್ತರ ಬರುವವರೆಗೆ... ಕಾದರು."

ಆಕೆ ನನ್ನ ಕೈ ಬಿಟ್ಟು ಕಣ್ಣೊರೆಸಿಕೊಂಡರು. ಒಲೆಯ ಮುಂದಿದ್ದ ಸೊಸೆಯನ್ನು ಹತ್ತಿರ ಕರೆದು ಕೂಡಿಸಿಕೊಂಡು, ಪರದೆಯ ಕಡೆ ಮುಖ ಮಾಡಿ ಹೇಳಿದರು:

"ಇನ್ನೊಂದ ಸಲ ಓದ್ರಿ, ಭಾಯ್‌ಸಾಬ್. ನಮ್ಮ ಸೊಸೀನೂ ಕೇಳ್ಲಿ."

ಅವರು ಮತ್ತೆ ಮೊದಲಿನಿಂದ ಓದತೊಡಗಿದರು.